ಗೌಹರ್ ಜಾನಳ ಧ್ವನಿಮುದ್ರಿಕೆಗಳೂ ಅವುಗಳ ಅನುಕ್ರಮಣಿಕೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟವಿಲ್ಲದ ಹಳೆಯ ಮನೆಯನ್ನು ಕಾಣುವುದು ಕಷ್ಟ. ಕಿತ್ತ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕುಳಿತು, ಒಳಗಿನ ನೀರನ್ನು ತಾನೇ ಹೀರಿಕೊಂಡು, ಅಲ್ಲಾಡಿಸಿದರೆ ಗಿಟುಕು ಗುಡುಗುಡು ಎನ್ನುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಅಂತಹ ಅಟ್ಟದ ಮೂಲೆಗಳಲ್ಲಿ ಕಾಯಿಯೊಡನೆ ಬೇರೆ ಪದಾರ್ಥಗಳೂ ಸೇರಿಕೊಳ್ಳುವುದುಂಟು: ಹಿತ್ತಾಳೆಯ ಕೊಳಗ, ಮುರಿದ ತೊಟ್ಟಿಲು, ತಾಳೆಗರಿಯ ಕಟ್ಟು, ಮತ್ತು ಮರದ ಪೆಟ್ಟಿಗೆಯೊಂದರಲ್ಲಿ ಕಪ್ಪನೆಯ ಗ್ರಾಮೊಫೋನ್ ಪ್ಲೇಟುಗಳು. ಕೊಬ್ಬರಿಗೆ ಬೆಲೆ ಬಂದ ವರ್ಷ ಕೊಂಡ ಯಂತ್ರ ಎಂದೋ ಕೆಟ್ಟು ಗುಜರಿಗೆ ಹೋಗಿದ್ದರೂ ಪ್ಲೇಟುಗಳು ಮಾತ್ರ ಉಳಿದಿರುತ್ತವೆ. ಅವುಗಳ ನಡುವೆ ಇರುವ ಕಾಗದದ ಬಿಲ್ಲೆಯ ಮೇಲೆ, ಕೊಳಲಿನ ಮುಂದೆ ಕುಳಿತ ನಾಯಿಯ ಚಿತ್ರವಿದ್ದರೆ ಮನೆಯವರು ಅದನ್ನು ನಾಯಿ ಮಾರ್ಕಿನ ಪ್ಲೇಟೆಂದು ಕರೆಯುವರು. ಅದಕ್ಕಿಂತಲೂ ಹಳೆಯದಾದ ಪ್ಲೇಟಿನ ಮೇಲೆ ನಾಯಿಯಿರದೆ, ತಟ್ಟೆಯ ಮೇಲೆ ಕುಳಿತು ಗರಿಯ ಲೇಖನಿಯಿಂದ ಬರೆಯುತ್ತಿರುವ ರೆಕ್ಕೆಯ ದೇವದೂತನೊಬ್ಬನು ಇರುವನು.

ಈ ದೇವದೂತನ ಗುರುತಿನ ತಟ್ಟೆಗಳ ಮೂಲಕ ದೇಶದಲ್ಲೆಲ್ಲ ಮೊಟ್ಟಮೊದಲು ಹೆಸರುವಾಸಿಯಾದ ಗಾಯಕಿಯೊಬ್ಬಳು ತನ್ನ ಕೊನೆಯ ದಿನಗಳನ್ನು ಕಳೆದದ್ದು ಮೈಸೂರಿನಲ್ಲಿ, ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ. ಆಕೆಯ ಹೆಸರು ಗೌಹರ್ ಜಾನ್. ಪಾರಸಿ ಭಾಷೆಯಲ್ಲಿ ಗೌಹರ್ ಎಂದರೆ ರತ್ನ. ಆಕೆ ಎಷ್ಟು ಹಾಡುಗಳನ್ನು ಯಂತ್ರಕ್ಕೆ ಹಾಡಿದಳು, ಯಾವಾಗ ಹಾಡಿದಳು, ಅವುಗಳಲ್ಲಿ ಉಳಿದಿರುವುವು ಯಾವುವು ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದಾಗಿ ಕಾಣಿಸಿದರೂ, ಅದಕ್ಕೆ ಉತ್ತರ ಹುಡುಕಹೊರಟವರು ಶಾಸನಗಳನ್ನು ಓದುವವರ ಶ್ರಮಕ್ಕೆ ಕಡಿಮೆಯಲ್ಲದ ಶ್ರಮವನ್ನು ಪಟ್ಟಿರುವರು.

ಪಟ್ಟಿ ಮಾಡುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಋಗ್ವೇದದ ಒಂದೊಂದು ಸೂಕ್ತಕ್ಕೂ ಋಷಿ ಯಾರು, ದೇವತೆ ಯಾರು, ಛಂದಸ್ಸು ಯಾವುದು ಎಂಬುದನ್ನು ಕಾತ್ಯಾಯನನು ತನ್ನ ಸರ್ವಾನುಕ್ರಮಣಿಯಲ್ಲಿ ಹೇಳಿಟ್ಟನು. ವೇದವೆಲ್ಲ ಬಾಯಿಯಲ್ಲಿದ್ದ ಕಾಲಕ್ಕೆ ಆ ಪಟ್ಟಿಯೇ ಬೇಲಿಯಾಗಿದ್ದಿತು. ಒಂದು ಸೂಕ್ತ ಹೆಚ್ಚಾದರೂ ಕಡಿಮೆಯಾದರೂ ತಿಳಿಯುವಂತಿದ್ದಿತು. ಇತ್ತಲಾಗಿ ಆಫ್ರೆಕ್ಟ್ ಎಂಬ ಜರ್ಮನ್ ಪಂಡಿತನು ದೇಶವಿದೇಶಗಳ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ, ಪಟ್ಟಿಗಳ ಪಟ್ಟಿಯನ್ನು 1891 ರಿಂದ 1903 ರ ವರೆಗೆ ಮೂರು ಭಾಗಗಳಾಗಿ ಪ್ರಕಟಿಸಿದನು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರವು ದೊರೆತುದಾದರೂ ಹೇಗೆ? ಓಲೆಯ ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಇದು ಯಾವ ಗ್ರಂಥವೆಂದು ಒಬ್ಬರು ಕುಳಿತು ನೋಡಿದ್ದರಿಂದಲ್ಲವೆ! ಆರ್. ನರಸಿಂಹಾಚಾರ್ಯರು ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವನ್ನು 1907 ರಲ್ಲಿ ಹೊರತರದಿದ್ದರೆ ಕನ್ನಡದ ಎಷ್ಟೋ ಕವಿಗಳ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ. ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನು 1904 ರಲ್ಲಿ ಅಚ್ಚು ಹಾಕಿಸಿದುದು ಇಂತಹುದೇ ಕಾರ್ಯ. ಆ ಶಾಸನಗಳು ಅಚ್ಚಾಗುತ್ತಿದ್ದ ವರ್ಷಗಳಲ್ಲಿಯೇ, ಕಲ್ಲಿನ ಬದಲು ಅರಗಿನ ಮೇಲೆ ಕೆತ್ತುವ ಒಂದು ಹೊಸ ಶಾಸನವರ್ಗವು ಕಲ್ಕತ್ತೆಯಲ್ಲಿ ಹುಟ್ಟಿಕೊಂಡಿತು.

ಗೌಹರಳು ಹುಟ್ಟಿದುದು 1873 ನೆಯ ಜೂನ್ 26 ರಂದು, ಸಂಯುಕ್ತ ಪ್ರಾಂತ್ಯವೆನಿಸಿದ್ದು ಈಗ ಉತ್ತರ ಪ್ರದೇಶವಾಗಿರುವ ಸೀಮೆಯ ಆಜಂಗಢದಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಏಂಜೆಲಿನಾ ಯೋವರ್ಡ್. ತಂದೆ ರಾಬರ್ಟ್ ವಿಲಿಯಂ ಯೋವರ್ಡ್, ತಾಯಿ ವಿಕ್ಟೋರಿಯಾ. ಮಗು ಆರು ವರ್ಷದವಳಾಗಿದ್ದಾಗ ದಂಪತಿಗಳು ಬೇರೆಯಾದರು. ತಾಯಿ ಮಗಳೊಡನೆ ಕಾಶಿಗೆ ಹೋಗಿ, ಮುಸಲ್ಮಾನ ಮತವನ್ನು ಸ್ವೀಕರಿಸಿ ಮಲಕಾ ಜಾನ್ ಎಂದಾದಳು. ಏಂಜೆಲಿನಾ ಗೌಹರ್ ಜಾನ್ ಆದಳು. 1883 ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಮಲಕಾ ಜಾನ್ ತಾನೇ ಗಾಯಕಿ, ನರ್ತಕಿ, ಉರ್ದುವಿನಲ್ಲಿ ಕವಿತೆ ಕಟ್ಟುವವಳು. ಮಗಳಿಗೆ ಒಳ್ಳೊಳ್ಳೆಯ ಉಸ್ತಾದರಿಂದ ಶಿಕ್ಷಣ ಕೊಡಿಸಿದಳು. 1887 ರಲ್ಲಿ ದರ್ಭಂಗದ ಆಸ್ಥಾನದಲ್ಲಿ ಗೌಹರಳ ಮೊದಲ ಕಛೇರಿಯಾಯಿತು. ಆಗ ಆಕೆಗೆ ಹದಿನಾಲ್ಕು ವರ್ಷ.

ಈ ಕಥೆಯನ್ನು ಹಿಗ್ಗಿಸಿ ಹೇಳುವವರು ಬಹಳ ಮಂದಿ. ಬೆಕ್ಕಿನ ಮದುವೆಗೆ ಸಾವಿರಾರು ರೂಪಾಯಿ ಚೆಲ್ಲಿದಳೆಂದೂ, ನಾಲ್ಕು ಕುದುರೆಯ ಸಾರೋಟಿನಲ್ಲಿ ಹೋಗಿ ದಂಡ ತೆತ್ತಳೆಂದೂ ಹೇಳಿಕೆಗಳುಂಟು. ಐಶ್ವರ್ಯವಂತೆಯಾದ ಹೆಂಗಸಿನ ವಿಷಯದಲ್ಲಿ ಇಂತಹ ಕಥೆಗಳು ಹುಟ್ಟುವುದೂ, ಅದೇ ಊರಿನ ಜಮೀನ್ದಾರರ ದುಂದನ್ನು ಯಾರೂ ನೆನೆಯದಿರುವುದೂ ಲೋಕರೂಢಿಯಾಗಿದೆ. ಅನುಕ್ರಮಣಿಕೆ ಬರೆಯುವವನಿಗೆ ಇವುಗಳಿಂದ ಯಾವ ಪ್ರಯೋಜನವೂ ಇಲ್ಲ. ಅವನಿಗೆ ಬೇಕಾದುದು ತಟ್ಟೆ, ತಟ್ಟೆಯ ಮೇಲಿನ ಅಂಕಿ, ಕಂಪೆನಿಯ ಲೆಕ್ಕದ ಪುಸ್ತಕ.

ಭಾರತೀಯರ ಧ್ವನಿಯನ್ನು ತಟ್ಟೆಗೆ ಇಳಿಸುವ ಕೆಲಸವು 1899 ರಲ್ಲಿಯೇ ಲಂಡನ್ನಿನಲ್ಲಿ ಅಷ್ಟಿಷ್ಟು ನಡೆದಿದ್ದಿತು. ಆದರೆ ಭಾರತದ ನೆಲದ ಮೇಲೆ ಗ್ರಾಮೊಫೋನ್ ಕಂಪೆನಿಯ ಕಾರ್ಯ ಮೊದಲಾದುದು 1902 ರ ಕೊನೆಯಲ್ಲಿ. ಫ್ರೆಡರಿಕ್ ವಿಲಿಯಂ ಗೈಸ್‌ಬರ್ಗ್ ಎಂಬ ಅಮೆರಿಕದ ತರುಣನು ಕಂಪೆನಿಯ ಪರವಾಗಿ ಲಂಡನ್ನಿನಿಂದ ಹೊರಟು ಅಕ್ಟೋಬರ್ ತಿಂಗಳ ಕಡೆಯಲ್ಲಿ ಕಲ್ಕತ್ತೆಗೆ ಬಂದನು. ಅವನಿಗೆ ಭಾಷೆ ತಿಳಿಯದು, ಸಂಗೀತವಂತೂ ತಿಳಿಯದು. ನಾಟಕಶಾಲೆಗಳಲ್ಲಿಯೂ ಶ್ರೀಮಂತರ ಮನೆಯ ಕಛೇರಿಗಳಲ್ಲಿಯೂ ಕುಳಿತು ಕೇಳಿ, ಯಂತ್ರಕ್ಕೆ ಒಗ್ಗುವ ಕಂಠ ಯಾವುದೆಂದು ಹುಡುಕಿದನು. ದೊಡ್ಡ ಉಸ್ತಾದರಲ್ಲಿ ಬಹುಮಂದಿ ಯಂತ್ರದ ಬಳಿಗೆ ಬರಲು ಒಪ್ಪಲಿಲ್ಲ. ಗಂಟೆಗಟ್ಟಲೆ ವಿಸ್ತರಿಸಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸುವುದು ಅವರಿಗೆ ಅಪಮಾನವಾಗಿ ತೋರಿತು. ವಿದ್ಯೆಯನ್ನು ಕಂಡಕಂಡವರ ಮನೆಗೆ ಮಾರಿದಂತಾಗುವುದೆಂಬ ಅಂಜಿಕೆಯೂ ಇದ್ದಿತು. ಅಂಜದೆ ಬಂದವರು ವೃತ್ತಿಗಾಯಕಿಯರು. ಸಭ್ಯರು ಮನೆಯೊಳಕ್ಕೆ ಸೇರಿಸದಿದ್ದ ಈ ಹೆಂಗಸರ ದನಿ ಪ್ಲೇಟಿನ ಮೂಲಕ ಸಭ್ಯರ ಪಡಸಾಲೆಯಲ್ಲಿಯೇ ಕುಳಿತಿತು. ದಕ್ಷಿಣದಲ್ಲಿಯೂ ಹೀಗೆಯೇ ಆಯಿತು. ನಂಜನಗೂಡಿನಲ್ಲಿ 1878 ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ತಟ್ಟೆಗಳಿಗೆ ಹಾಡಿದ ಮೊದಲಿಗರಲ್ಲಿ ಸೇರಿದವರು.

ಗೌಹರಳ ಮೊದಲ ಮುದ್ರಣ ನಡೆದ ದಿನವನ್ನು ಕುರಿತು ಬರೆದವರಲ್ಲಿ ಐಕಮತ್ಯವಿಲ್ಲ. ಕೆಲವರು 1902 ನೆಯ ನವೆಂಬರ್ 2 ಎನ್ನುವರು. ಕೆಲವರು 11 ಎನ್ನುವರು. ಆದರೆ ಕಲ್ಕತ್ತೆಯ ಕ್ಲಾಸಿಕ್ ಥಿಯೇಟರಿನ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರ ಹಾಡುಗಳೇ ಗೈಸ್‌ಬರ್ಗನು ಅಲ್ಲಿ ಎತ್ತಿದ ಮೊದಲ ಮುದ್ರಣಗಳೆಂದೂ ಅದು ನವೆಂಬರ್ 8 ರಂದು ನಡೆಯಿತೆಂದೂ ಹೇಳುವ ಪಕ್ಷವನ್ನು ಹಿಡಿದರೆ, 2 ನೆಯ ತಾರೀಖು ನಿಲ್ಲುವುದಿಲ್ಲ. ಪೂರ್ವಾಪರವಿರೋಧವುಳ್ಳ ಎರಡು ಹೇಳಿಕೆಗಳನ್ನೂ ಒಂದೇ ಪುಟದಲ್ಲಿ ಬರೆದು ಹೋಗುವ ಲೇಖಕರನ್ನು ನೋಡಿದರೆ, ಅನುಕ್ರಮಣಿಕಾಕಾರನ ಅವಶ್ಯಕತೆ ಎಷ್ಟೆಂಬುದು ಮನದಟ್ಟಾಗುತ್ತದೆ. ಕಲ್ಲಿನ ಶಾಸನದಲ್ಲಿಯಾದರೆ ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಒಂದರೊಡನೊಂದು ಹೊಂದಿಸಿ ನೋಡಬಹುದು. ತಟ್ಟೆಯ ಮೇಲೆ ತಿಥಿಯಿಲ್ಲ, ವಾರವಿಲ್ಲ, ತಾರೀಖೂ ಇಲ್ಲ. ಇರುವುದು ಅಂಕಿಯೊಂದೇ.

ಮುದ್ರಣದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಯುಕ್ತವಾಗಿದೆ. ಆಗ ವಿದ್ಯುತ್ತಿನ ಧ್ವನಿಗ್ರಾಹಕವಿರಲಿಲ್ಲ. ಅದು ಬಳಕೆಗೆ ಬಂದುದು 1925 ರ ತರುವಾಯ. ಗೋಡೆಯಿಂದ ಹೊರಚಾಚಿದ ದೊಡ್ಡ ತುತ್ತೂರಿಯಂತಹ ಕೊಳವೆಯ ಬಾಯಿಗೆ ಮುಖವಿಟ್ಟು ಗಾಯಕಿ ಗಟ್ಟಿಯಾಗಿ ಹಾಡಬೇಕು. ದನಿಯ ಅಲೆ ಕೊಳವೆಯ ಇನ್ನೊಂದು ತುದಿಯಲ್ಲಿರುವ ತೆಳ್ಳನೆಯ ಬಿಲ್ಲೆಯನ್ನು ನಡುಗಿಸುವುದು. ಆ ನಡುಕವು ಸೂಜಿಗೆ ತಗಲಿ, ಸೂಜಿ ತಿರುಗುತ್ತಿರುವ ಮೇಣದ ಗಟ್ಟಿಯ ಮೇಲೆ ಗೆರೆ ಎಳೆಯುವುದು. ತಾರಸ್ಥಾಯಿಗೆ ಹೋದಾಗ ಮುಖವನ್ನು ಹಿಂದಕ್ಕೆ ಸರಿಸಬೇಕು, ಮಂದ್ರಕ್ಕೆ ಇಳಿದಾಗ ಕೊಳವೆಯೊಳಕ್ಕೇ ಬಾಗಬೇಕು. ತಬಲಾ, ಸಾರಂಗಿ, ಹಾರ್ಮೋನಿಯಂ ನುಡಿಸುವವರನ್ನು ಎಷ್ಟು ದೂರದಲ್ಲಿ ಕೂರಿಸಬೇಕೆಂಬುದೂ ಒಂದು ಲೆಕ್ಕ. ಏಳು ಅಂಗುಲದ ತಟ್ಟೆಗೆ ಸುಮಾರು ಎರಡು ನಿಮಿಷ, ಹತ್ತು ಅಂಗುಲದ ತಟ್ಟೆಗೆ ಮೂರು ನಿಮಿಷ. ಅಷ್ಟರೊಳಗೆ ರಾಗದ ಮುಖ ಕಾಣಿಸಿ, ಪಲ್ಲವಿ ಹಾಡಿ, ತಾನ ಹೊಡೆದು ಮುಗಿಸಬೇಕು. ಗೌಹರಳು ಈ ಇಕ್ಕಟ್ಟಿನಲ್ಲಿ ಹಾಡುವ ರೀತಿಯನ್ನು ಬಹುಬೇಗ ವಶಮಾಡಿಕೊಂಡಳು. ಆಕೆಯ ತಟ್ಟೆಗಳಲ್ಲಿ ಆರಂಭದ ತಡವರಿಕೆಯಾಗಲಿ ಕೊನೆಯ ಅವಸರವಾಗಲಿ ಕಾಣುವುದಿಲ್ಲವೆಂದು ಬಲ್ಲವರು ಹೇಳುವರು. ಮೂರು ನಿಮಿಷದ ಗಾಯನವೆಂಬ ಹೊಸ ಪ್ರಬಂಧವೊಂದನ್ನು ಹಿಂದುಸ್ತಾನಿ ಸಂಗೀತಕ್ಕೆ ಕಟ್ಟಿಕೊಟ್ಟವರಲ್ಲಿ ಆಕೆಗೆ ಅಗ್ರಸ್ಥಾನ ಸಲ್ಲಬೇಕು.

ಗೈಸ್‌ಬರ್ಗನ ಬರವಣಿಗೆಯಲ್ಲಿ ಆಕೆಯ ಉಡಿಗೆತೊಡಿಗೆಗಳ ವರ್ಣನೆ ಬರುತ್ತದೆ. ಪ್ರತಿ ಸಲವೂ ಬೇರೆ ಉಡುಪು, ಬೇರೆ ಒಡವೆ. ಒಂದು ಬೈಠಕಿಗೆ ಮೂರು ಸಾವಿರ ರೂಪಾಯಿ ಕೇಳಿದಳೆಂದು ಪ್ರತೀತಿ. ಆ ಒಡವೆಗಳು ಹೋದವು, ಹಣವೂ ಹೋಯಿತು. ಮೇಣದ ಗಟ್ಟಿಗಳು ಹಡಗನ್ನೇರಿ ಜರ್ಮನಿಯ ಹ್ಯಾನೋವರ್ ಪಟ್ಟಣಕ್ಕೆ ಹೋದವು. ಅಲ್ಲಿ ಮೇಣದಿಂದ ಲೋಹದ ಅಚ್ಚು ಮಾಡಿ, ಅಚ್ಚಿನಿಂದ ಅರಗಿನ ತಟ್ಟೆಗಳನ್ನು ಒತ್ತಿದರು. ಬಂಗಾಳ ಬಿಹಾರಗಳ ಕಾಡಿನ ಮರಗಳಲ್ಲಿ ಹುಳು ಕಟ್ಟಿದ ಅರಗು ಸೀಮೆಗೆ ಹೋಗಿ, ಕಲ್ಲಿನ ಪುಡಿಯೊಡನೆಯೂ ಕಾಡಿಗೆಯೊಡನೆಯೂ ಬೆರೆತು, ಬಂಗಾಳದ ಹಾಡನ್ನೇ ಹೊತ್ತು ಮರುವರ್ಷ ಬಂಗಾಳಕ್ಕೆ ಹಿಂದಿರುಗಿತು. 1908 ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ಏರ್ಪಟ್ಟ ಬಳಿಕ ಈ ದೂರಪ್ರಯಾಣ ತಪ್ಪಿತು.

ಹ್ಯಾನೋವರಿನ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯುವುದು ಹೇಗೆ? ಇದಕ್ಕಾಗಿಯೇ ಹಾಡು ಮುಗಿದೊಡನೆ ಗಾಯಕರು ತಮ್ಮ ಹೆಸರನ್ನು ತಾವೇ ಹೇಳಬೇಕೆಂದು ಏರ್ಪಾಡಾಯಿತೆಂದು ಸಾಮಾನ್ಯವಾಗಿ ಹೇಳುವರು. ಹಾಡು ನಿಂತು, ಸಾರಂಗಿ ಇನ್ನೂ ನಿಲ್ಲುವ ಮೊದಲೇ, ಗೌಹರ್ ಜಾನ್ ಎಂಬುದು ತನ್ನ ಹೆಸರೆಂದು ಆಕೆ ಚುರುಕಾಗಿ ಇಂಗ್ಲಿಷಿನಲ್ಲಿ ನುಡಿಯುವುದು ಹಳೆಯ ತಟ್ಟೆಗಳ ಕೊನೆಯಲ್ಲಿ ಕೇಳಿಬರುತ್ತದೆ. ಹೀಗೆ ಹೇಳಿದವಳು ಆಕೆಯೊಬ್ಬಳೇ ಅಲ್ಲ. ಅಲಹಾಬಾದಿನ ಜಾನಕೀಬಾಯಿ ಮೊದಲಾದವರೂ ಹೇಳಿದುದುಂಟು. ಆದರೆ ಜನರ ಕಿವಿಯಲ್ಲಿ ನಿಂತುದು ಗೌಹರಳ ನುಡಿ. ದಾಸರ ಪದದ ಕೊನೆಯಲ್ಲಿ ಅಂಕಿತ ಬರುವಂತೆ, ಶರಣರ ವಚನದಲ್ಲಿ ಇಷ್ಟದೈವದ ಮುದ್ರಿಕೆ ಬರುವಂತೆ, ಶಾಸನದ ತುದಿಯಲ್ಲಿ ರೂವಾರಿ ತನ್ನ ಹೆಸರನ್ನು ಕಂಡರಿಸುವಂತೆ ಇದೂ ಒಂದು ಅಂಕಿತವಾಯಿತು. ದಾಸರ ಅಂಕಿತವನ್ನಾದರೂ ಬೇರೊಬ್ಬರು ಹಾಕಿ ಹಾಡಬಹುದು, ಹಾಗೆ ಹಾಕಿದ ಪ್ರಕ್ಷಿಪ್ತ ಪದಗಳೂ ಇವೆ. ಇದನ್ನು ಅನುಕರಿಸುವುದು ಅಷ್ಟು ಸುಲಭವಲ್ಲ. ಹೆಸರಿನೊಡನೆ ಕಂಠವೂ ಸಾಕ್ಷಿ ನುಡಿಯುತ್ತದೆ.

ಇನ್ನು ಸಂಖ್ಯೆಯ ವಿಚಾರ. 1902 ರಿಂದ 1920 ರ ವರೆಗೆ ಗೌಹರಳು ಹತ್ತಕ್ಕೂ ಮಿಕ್ಕ ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಮುದ್ರಿಸಿದಳೆಂದು ಎಲ್ಲ ಗ್ರಂಥಗಳಲ್ಲಿಯೂ ಇದೆ. ಹಿಂದುಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ಪಾರಸಿ, ಅರಬ್ಬಿ, ಇಂಗ್ಲಿಷ್ ಮುಂತಾಗಿ ಭಾಷೆಗಳನ್ನು ಎಣಿಸುವರು. ಈ 600 ಎಂಬುದು ಏನನ್ನು ಎಣಿಸಿದ ಮೊತ್ತ? ಹಾಡುಗಳನ್ನೋ, ತಟ್ಟೆಗಳನ್ನೋ, ತಟ್ಟೆಯ ಮಗ್ಗುಲುಗಳನ್ನೋ? ಮೊದಲ ವರ್ಷಗಳ ತಟ್ಟೆಗೆ ಒಂದೇ ಮಗ್ಗುಲಲ್ಲಿ ಹಾಡು. ಬೆನ್ನು ಬರಿದು, ಅಥವಾ ಅಲ್ಲಿ ದೇವದೂತನ ಮುದ್ರೆ ಮಾತ್ರ. ಆಮೇಲೆ ಎರಡು ಮಗ್ಗುಲಿನ ತಟ್ಟೆ ಬಂದಾಗ ಹಳೆಯ ಒಂಟಿಮಗ್ಗುಲಿನ ಎರಡು ಹಾಡುಗಳನ್ನು ಜೋಡಿಸಿ ಹೊಸ ಅಂಕಿ ಕೊಟ್ಟು ಮತ್ತೆ ಮಾರಿದುದುಂಟು. ಒಂದೇ ಹಾಡನ್ನು ಗಾಯಕಿ ಎರಡು ಮೂರು ಸಲ ಬೇರೆ ಬೇರೆ ವರ್ಷಗಳಲ್ಲಿ ಹಾಡಿದುದೂ ಉಂಟು. ಒಂದು ಹಾಡು ಏಳು ಅಂಗುಲದಲ್ಲಿಯೂ ಹತ್ತು ಅಂಗುಲದಲ್ಲಿಯೂ ಇರಬಹುದು. ಕಂಪೆನಿಯ ಮಾರಾಟದ ಪಟ್ಟಿಗಳನ್ನು ಮಾತ್ರ ಒಟ್ಟುಗೂಡಿಸಿ ಎಣಿಸಿದರೆ ಒಂದೇ ಗಾಯನ ಮೂರು ಕಡೆ ಕಾಣಿಸಿಕೊಂಡು ಮೊತ್ತ ಉಬ್ಬುತ್ತದೆ. ಉಳಿದಿರುವ ತಟ್ಟೆಗಳನ್ನು ಮಾತ್ರ ಎಣಿಸಿದರೆ ಮೊತ್ತ ಕುಗ್ಗುತ್ತದೆ. ಆದುದರಿಂದ 600 ಎಂಬುದನ್ನು ಅಂದಾಜೆಂದು ತಿಳಿಯತಕ್ಕದ್ದೇ ಹೊರತು ಎಣಿಕೆಯೆಂದು ತಿಳಿಯತಕ್ಕದ್ದಲ್ಲ.

ನಿಜವಾದ ಎಣಿಕೆಗೆ ಆಧಾರ ತಟ್ಟೆಯ ಮೇಲಿನ ಎರಡು ಬಗೆಯ ಅಂಕಿಗಳು. ಒಂದು, ಮಾರಾಟದ ಅಂಕಿ. ಕಾಗದದ ಬಿಲ್ಲೆಯ ಮೇಲೆ ಅಚ್ಚಾಗಿರುವುದು. ಅಂಗಡಿಯವನು ಕೇಳುವುದೂ ಗಿರಾಕಿ ಹೇಳುವುದೂ ಇದನ್ನೇ. ಇನ್ನೊಂದು, ಮಾತೃಕೆಯ ಅಂಕಿ. ಮುದ್ರಣದ ದಿನ ಮೇಣದ ಗಟ್ಟಿಗೆ ಕೊಟ್ಟುದು. ಬಿಲ್ಲೆಗೂ ಗೆರೆಗಳಿಗೂ ನಡುವಣ ನುಣುಪಾದ ಜಾಗದಲ್ಲಿ ಅದು ಸಣ್ಣಗೆ ಕೊರೆದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಅಂಕಿಯ ಮಗ್ಗುಲಲ್ಲಿರುವ ಅಕ್ಷರದಿಂದ ಧ್ವನಿಮುದ್ರಕ ಯಾರು, ತಟ್ಟೆಯ ಅಳತೆ ಯಾವುದು ಎಂಬುದನ್ನು ತಿಳಿಯಬಹುದು. ಬಿಲ್ಲೆ ಬದಲಾಗಬಹುದು, ಮಾರಾಟದ ಅಂಕಿ ಬದಲಾಗಬಹುದು, ಹಾಡಿನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿರಬಹುದು. ಮಾತೃಕೆಯ ಅಂಕಿ ಮಾತ್ರ ಬದಲಾಗುವುದಿಲ್ಲ. ಒಂದೇ ಮಾತೃಕೆಯ ಅಂಕಿಯಿದ್ದರೆ ಒಂದೇ ಗಾಯನ. ಅಂಕಿಗಳು ಏರುತ್ತ ಹೋಗುವುದರಿಂದ ಅವುಗಳನ್ನು ಸಾಲಾಗಿ ಇಟ್ಟರೆ ಯಾವುದರ ಹಿಂದೆ ಯಾವುದು ಹಾಡಿದುದೆಂಬ ಅನುಕ್ರಮ ತಾನಾಗಿಯೇ ಮೂಡುತ್ತದೆ. ಓಲೆಗ್ರಂಥದ ಪುಷ್ಪಿಕೆಯನ್ನು ಓದಿ ಲಿಪಿಕಾರನ ಕಾಲವನ್ನು ಗೊತ್ತುಮಾಡುವುದಕ್ಕಿಂತ ಇದು ನಿಷ್ಕೃಷ್ಟವಾದುದು.

ಬಿಲ್ಲೆಯೂ ಅಷ್ಟು ನಿರುಪಯೋಗಿಯಲ್ಲ. ಕಂಪೆನಿಯು 1900 ರಿಂದ 1907 ರ ವರೆಗೆ ಗ್ರಾಮೊಫೋನ್ ಅಂಡ್ ಟೈಪ್‌ರೈಟರ್ ಎಂಬ ಹೆಸರಿನಲ್ಲಿದ್ದಿತು. ಬೆರಳಚ್ಚು ಯಂತ್ರಗಳನ್ನೂ ಮಾರಹೊರಟಿದ್ದುದೇ ಇದಕ್ಕೆ ಕಾರಣ. ಆ ಹೆಸರು ಬಿಲ್ಲೆಯಲ್ಲಿದ್ದರೆ ತಟ್ಟೆ ಹಳೆಯದು. ಹ್ಯಾನೋವರಿನ ಹೆಸರಿದ್ದರೆ ಎಲ್ಲಿ ಒತ್ತಿದುದೆಂಬುದು ಗೊತ್ತಾಗುವುದು. ನಾಯಿಯಿದ್ದರೆ ಹೊಸ ಕಾಲದ್ದು, ಅಥವಾ ಹಳೆಯ ಹಾಡಿನ ಹೊಸ ಒತ್ತು. ಈ ಕೊನೆಯದೇ ಬಹುಮಂದಿಯನ್ನು ದಾರಿ ತಪ್ಪಿಸಿದೆ.

ಅನುಕ್ರಮಣಿಕಾಕಾರನ ಮುಂದೆ ಇನ್ನೊಂದು ತೊಡಕಿದೆ, ಅದು ಶ್ರುತಿಯದು. ನಿಮಿಷಕ್ಕೆ 78 ಸುತ್ತು ಎಂಬ ನಿಯಮವು ಸ್ಥಿರವಾದುದು ವಿದ್ಯುತ್ ಮುದ್ರಣದ ಕಾಲಕ್ಕೆ. ಅದಕ್ಕೆ ಹಿಂದೆ ತಟ್ಟೆಯ ವೇಗ 70 ಕ್ಕೂ 80 ಕ್ಕೂ ನಡುವೆ, ಒಮ್ಮೊಮ್ಮೆ ಅದರಿಂದಾಚೆಗೂ, ಏರಿಳಿಯುತ್ತಿದ್ದಿತು. 74 ರ ವೇಗದಲ್ಲಿ ಮುದ್ರಿಸಿದ ತಟ್ಟೆಯನ್ನು 78 ರಲ್ಲಿ ತಿರುಗಿಸಿದರೆ ಶ್ರುತಿಯು ಹನ್ನೆರಡು ಸ್ವರಸ್ಥಾನಗಳಲ್ಲಿ ಹೆಚ್ಚುಕಡಿಮೆ ಒಂದು ಸ್ಥಾನದಷ್ಟು ಮೇಲೇರುತ್ತದೆ, ಲಯವೂ ಅದಕ್ಕೆ ತಕ್ಕಂತೆ ಬಿರುಸಾಗುತ್ತದೆ. ಗೌಹರಳ ಕಂಠ ತೀರ ಕೀಚಲೆಂದು ಮೂಗು ಮುರಿಯುವವರು ಕೇಳಿದುದು ಆಕೆಯ ಕಂಠವನ್ನೋ, ಅವಸರದಲ್ಲಿ ತಿರುಗಿದ ಯಂತ್ರವನ್ನೋ ಎಂಬುದನ್ನು ಮೊದಲು ನಿಷ್ಕರ್ಷೆ ಮಾಡಬೇಕು. ಕೊಳವೆಯ ಮುದ್ರಣವು ಮಂದ್ರದ ನಾದವನ್ನು ಬಹುಪಾಲು ನುಂಗಿಬಿಡುತ್ತದೆ. ಆಕೆಯ ಮುದ್ರಣಗಳು ವಿದ್ಯುತ್ತಿಗಿಂತ ಹಿಂದಿನ ಕಾಲದವಾದುದರಿಂದ ಆ ಕಂಠದ ಕೆಳಗಿನ ಅರ್ಧವನ್ನು ಈಗ ಕೇಳಿ ತಿಳಿಯುವ ಉಪಾಯವಿಲ್ಲ. ಒಳ್ಳೆಯ ಅನುಕ್ರಮಣಿಕೆಯಲ್ಲಿ ವೇಗವನ್ನೂ ಶ್ರುತಿಯನ್ನೂ ಒಂದು ಅಂಕಣದಲ್ಲಿ ಬರೆಯುವರು. ರಾಗದ ಹೆಸರನ್ನಂತೂ ಕಿವಿಯಿಂದಲೇ ಗೊತ್ತುಮಾಡತಕ್ಕದ್ದು. ಬಿಲ್ಲೆಯನ್ನು ನಂಬಿದರೆ ಕೆಟ್ಟಂತೆ.

ಹೆಸರುಗಳ ಗೊಂದಲ ಇದಕ್ಕೂ ಮಿಗಿಲು. ತಾಯಿಯ ಕಾಲದಲ್ಲಿಯೇ ಮಲಕಾ ಜಾನ್ ಎಂಬ ಹೆಸರಿನ ಗಾಯಕಿಯರು ನಾಲ್ವರಿದ್ದು, ಹಿರಿಯಳೆಂಬ ಕಾರಣದಿಂದ ಗೌಹರಳ ತಾಯಿಯನ್ನು ಬಡೀ ಮಲಕಾ ಜಾನ್ ಎಂದು ಕರೆಯುತ್ತಿದ್ದರು. ಆಕೆ 1906 ರಲ್ಲಿ ತೀರಿಕೊಂಡಳು. ಆಗ್ರಾದ ಮಲಕಾ ಜಾನ್ ಹಾಡಿದ ತಟ್ಟೆಗಳನ್ನು ಗೌಹರಳ ತಾಯಿಯ ತಟ್ಟೆಗಳೆಂದು ತಿಳಿಯುವ ಅಪಾಯ ಹೀಗೆ ಉಂಟಾಯಿತು. ಗೌಹರಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದು ಸಲ ಒಂದೊಂದು ರೀತಿ ಬರೆದುದರಿಂದ ಅದು ಗೋಹರ್, ಗೌಹರ್, ಗವಹರ್ ಎಂದು ಮೂರು ನಾಲ್ಕು ರೂಪ ತಾಳಿತು. ಕನ್ನಡಿಗರಿಗೆ ಇಲ್ಲೊಂದು ವಿಶೇಷವಾದ ತೊಡಕು. ವಿಜಾಪುರ ಸೀಮೆಯ ಬೀಳಗಿಯಿಂದ ಬಂದ ಅಕ್ಕತಂಗಿಯರಾದ ಗೋಹರಬಾಯಿ ಕರ್ನಾಟಕಿ, ಅಮೀರಬಾಯಿ ಕರ್ನಾಟಕಿ ಎಂಬಿಬ್ಬರು ಮರಾಠಿ ರಂಗಭೂಮಿಯಲ್ಲಿಯೂ ಚಲಚ್ಚಿತ್ರದಲ್ಲಿಯೂ ಕೀರ್ತಿ ಪಡೆದವರು. ಗೋಹರಬಾಯಿಯೂ ತಟ್ಟೆಗಳಿಗೆ ಹಾಡಿದವಳೇ. ಬಿಲ್ಲೆಯ ಅರ್ಧ ಹರಿದು ಗೋಹರ್ ಎಂಬುದು ಮಾತ್ರ ಉಳಿದಿರುವ ಪ್ಲೇಟನ್ನು ಕಂಡು, ಇದು ಕಲ್ಕತ್ತೆಯ ಗೌಹರಳದೆಂದು ಹಿಗ್ಗುವ ಮೊದಲು ಮಾತೃಕೆಯ ಅಂಕಿಯನ್ನು ನೋಡತಕ್ಕದ್ದು. ಒಬ್ಬಳ ಕೀರ್ತಿಯನ್ನು ಇನ್ನೊಬ್ಬಳ ತಲೆಗೆ ಕಟ್ಟಿದರೆ ಇಬ್ಬರಿಗೂ ಅನ್ಯಾಯ. ಬೀಳಗಿಯವಳ ಹಾಡು ಬೀಳಗಿಯವಳದಾಗಿಯೇ ಇರಬೇಕು.

ಈ ಕಾರ್ಯದಲ್ಲಿ ದುಡಿದವರನ್ನು ನೆನೆಯದೆ ಮುಂದೆ ಹೋಗುವುದು ಸಾಧುವಲ್ಲ. ಆಸ್ಟ್ರೇಲಿಯದ ಮೈಕೆಲ್ ಕಿನ್ನಿಯರ್ ಎಂಬಾತನು ಗ್ರಾಮೊಫೋನ್ ಕಂಪೆನಿಯ 1899 ರಿಂದ 1908 ರ ವರೆಗಿನ ಭಾರತೀಯ ಮುದ್ರಣಗಳ ಪಟ್ಟಿಯನ್ನು 1994 ರಲ್ಲಿಯೂ, 1908 ರಿಂದ 1910 ರ ವರೆಗಿನದನ್ನು 2000 ದಲ್ಲಿಯೂ ಪ್ರಕಟಿಸಿದನು. ಕಲ್ಕತ್ತೆಯಿಂದ ಸಾವಿರಾರು ಮೈಲಿ ದೂರದವನೊಬ್ಬನು ಅಂಕಿಗಳನ್ನು ಒಂದರ ಮುಂದೊಂದು ಜೋಡಿಸಿ ಮಾಡಿದ ಈ ಕೆಲಸದಲ್ಲಿ ರಸವಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬಹುದು. ಆದರೆ ಅದಿಲ್ಲದೆ ರಸವನ್ನು ಹುಡುಕುವ ದಾರಿ ತಿಳಿಯದು. ಧಾರವಾಡ ಸೀಮೆಗೆ ಹತ್ತಿರದವರೂ, ಕುಂದಗೋಳದ ಸವಾಯಿ ಗಂಧರ್ವರ ಗುರುಗಳೂ ಆದ ಅಬ್ದುಲ್ ಕರೀಂ ಖಾನ್ ಸಾಹೇಬರ ಜೀವನವನ್ನೂ ಧ್ವನಿಮುದ್ರಿಕೆಗಳನ್ನೂ ಕುರಿತು ಇದೇ ಕಿನ್ನಿಯರನು ಪ್ರತ್ಯೇಕ ಗ್ರಂಥವನ್ನು ಬರೆದಿರುವನು. ಮುಂಬಯಿಯಲ್ಲಿ ತಟ್ಟೆ ಸಂಗ್ರಾಹಕರು ಕೂಡಿ ಕಟ್ಟಿದ ಸಂಘವೊಂದು 1990 ರಿಂದ ಈ ವಿಷಯದಲ್ಲಿ ಲೇಖನಗಳನ್ನು ಪ್ರಕಟಿಸಿದೆ. ಬೆಂಗಳೂರಿನವರಾದ ವಿಕ್ರಮ್ ಸಂಪತ್ ಅವರು ಗೌಹರಳ ಜೀವನಚರಿತ್ರೆಯನ್ನು 2010 ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು. ಅವರಿಗೆ ಆ ಕಾರ್ಯಕ್ಕೆ ಪ್ರೇರಣೆಯಾದುದು ಮೈಸೂರಿನಲ್ಲಿ ಅರಮನೆಯ ಹಳೆಯ ಕಡತಗಳು.

ಆ ಕಡತಗಳ ಸಂಗತಿಯು ಮೈಸೂರು ಸೀಮೆಯವರು ವಿಶೇಷವಾಗಿ ತಿಳಿಯತಕ್ಕದ್ದಾಗಿದೆ. 1911 ನೆಯ ಡಿಸೆಂಬರಿನಲ್ಲಿ ದೆಹಲಿಯ ದರ್ಬಾರಿನ ಸಂದರ್ಭದಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯ ಮುಂದೆ ಜಾನಕೀಬಾಯಿಯೊಡನೆ ಹಾಡಿದ ಗೌಹರಳು, ಬೆಂಕಿಪೆಟ್ಟಿಗೆಗಳ ಮೇಲೆಯೂ ಚಿತ್ರವಾಗಿ ಮೆರೆದವಳು, ವಯಸ್ಸು ಇಳಿದಂತೆ ವ್ಯಾಜ್ಯಗಳಲ್ಲಿ ಸಿಕ್ಕಿದಳು. ತಾಯಿಯ ಆಸ್ತಿಗೆ ತಾನೇ ಹಕ್ಕುದಾರನೆಂದು ಸೇವಕಿಯ ಮಗನೊಬ್ಬನು ನ್ಯಾಯಸ್ಥಾನಕ್ಕೆ ಹೋದಾಗ, ತಾನು ಯಾರ ಮಗಳೆಂಬುದನ್ನು ರುಜುವಾತು ಮಾಡಲು, ಎಂದೋ ಬಿಟ್ಟುಹೋದ ತಂದೆಯನ್ನು ಹುಡುಕಿಕೊಂಡು ಹೋಗಬೇಕಾಯಿತು. ದೇಶಕ್ಕೆಲ್ಲ ತನ್ನ ಹೆಸರನ್ನು ತಾನೇ ಸಾರಿದವಳಿಗೆ ಆ ಹೆಸರಿನ ಹಿಂದಿನ ಹೆಸರಿಗೆ ಸಾಕ್ಷಿ ಬೇಕಾಯಿತು! ಬಳಿಕ ತನ್ನ ಕಾರ್ಯದರ್ಶಿಯೂ ಪತಿಯೂ ಆಗಿದ್ದ ಅಬ್ಬಾಸನೊಡನೆ ವ್ಯಾಜ್ಯ ನಡೆದು ಸಿರಿಯೆಲ್ಲ ಕರಗಿತು. ಕಲ್ಕತ್ತೆಯನ್ನು ಬಿಟ್ಟು, ಡಾರ್ಜಿಲಿಂಗ್, ಮುಂಬಯಿಗಳನ್ನು ದಾಟಿ ಆಕೆ ಮೈಸೂರಿಗೆ ಬಂದಳು. 1928 ನೆಯ ಆಗಸ್ಟ್ 1 ರಿಂದ ಅರಮನೆಯ ಸಂಗೀತಗಾರ್ತಿಯಾಗಿ ತಿಂಗಳಿಗೆ 500 ರೂಪಾಯಿ ಗೊತ್ತಾಯಿತು. ವಾಸಕ್ಕೆ ದಿಲ್‌ಖುಷ್ ಎಂಬ ಹೆಸರಿನ ಮನೆ.

ಶ್ರೀಮನ್ಮಹಾರಾಜರವರು ಕರ್ನಾಟಕ, ಹಿಂದುಸ್ತಾನಿ, ಪಾಶ್ಚಾತ್ಯಗಳೆಂಬ ಭೇದವೆಣಿಸದೆ ಸಂಗೀತಗಾರರನ್ನು ಪೋಷಿಸಿದವರು. ವೀಣೆ ಶೇಷಣ್ಣನವರು 1926 ರಲ್ಲಿ ಕಾಲವಾಗಿದ್ದರು. ಬಿಡಾರಂ ಕೃಷ್ಣಪ್ಪನವರೂ ವಾಸುದೇವಾಚಾರ್ಯರೂ ಮುತ್ತಯ್ಯ ಭಾಗವತರೂ ಇದ್ದ ಕಾಲವದು. ಫೈಯಾಜ್ ಖಾನ್ ಸಾಹೇಬರಿಗೆ ಸಂಗೀತದ ಸೂರ್ಯನೆಂಬ ಅರ್ಥದ ಬಿರುದು ದೊರೆತುದೂ ಈ ಆಸ್ಥಾನದಲ್ಲಿಯೇ. ಇಲ್ಲಿ ಇನ್ನೊಂದು ಮಾತನ್ನು ಹೇಳದಿರಲಾಗದು. ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ಮೈಸೂರು ಸರ್ಕಾರದವರು 1909 ರಲ್ಲಿ ನಿಲ್ಲಿಸಿದ್ದರು. ಆ ಆಜ್ಞೆ ಉಚಿತವಾದುದೇ ಇರಬಹುದು. ಆದರೆ ಅದರಿಂದ ಜೀವನ ತಪ್ಪಿದ ಹಾಡುಗಾರ್ತಿಯರ ಹೆಸರುಗಳನ್ನು ಯಾರೂ ಪಟ್ಟಿ ಮಾಡಿ ಇಡಲಿಲ್ಲ, ಅವರ ಕಂಠವನ್ನು ತಟ್ಟೆಗಿಳಿಸಲಿಲ್ಲ. ಹತ್ತೊಂಬತ್ತು ವರ್ಷಗಳ ಬಳಿಕ ಅದೇ ರಾಜ್ಯದಲ್ಲಿ ಪರದೇಶದ ತವಾಯಿಫಳೊಬ್ಬಳಿಗೆ ಆಶ್ರಯ ಸಿಕ್ಕಿತು. ಸಿಕ್ಕಿದುದು ಒಳ್ಳೆಯದೇ ಆಯಿತು. ಇತರರಿಗೆ ಸಿಗದೆ ಹೋದುದು ಒಳ್ಳೆಯದಾಗಲಿಲ್ಲ.

ಆಶ್ರಯ ಸಿಕ್ಕಿದ ಮೇಲೆ ಆಕೆ ಬದುಕಿದುದು ಒಂದೂವರೆ ವರ್ಷ. 1930 ನೆಯ ಜನವರಿ 17 ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹತ್ತಿರದವರಾರೂ ಬಳಿಯಲ್ಲಿರಲಿಲ್ಲ. ಮರಣಾನಂತರ ಆಕೆಯ ಆಸ್ತಿಯನ್ನೂ ಸಾಲವನ್ನೂ ಕುರಿತು ಅರಮನೆಗೆ ಬಂದ ಪತ್ರಗಳು ಕಡತದಲ್ಲಿ ಸೇರಿದವು. ಅರಮನೆಯ ಗುಮಾಸ್ತರು ನಿಯಮದಂತೆ ದಿನಾಂಕ ಹಾಕಿ, ಅಂಕಿ ಕೊಟ್ಟು, ದಾರ ಕಟ್ಟಿ ಇಟ್ಟರು; ಎಂಬತ್ತು ವರ್ಷಗಳ ಬಳಿಕ ಒಬ್ಬರು ಬಂದು ಬಿಚ್ಚಿದರು. ಆ ಗುಮಾಸ್ತರೂ ಅನುಕ್ರಮಣಿಕಾಕಾರರೇ ಸರಿ, ತಾವು ಮಾಡುತ್ತಿರುವುದು ಏನೆಂದು ಅವರು ತಿಳಿದಿರಲಿ, ತಿಳಿಯದಿರಲಿ.

ಗೌಹರಳ ತಟ್ಟೆಗಳಲ್ಲಿ ಕೆಲವು ಹೊಸ ಉಪಕರಣಗಳ ಮೂಲಕ ಈಗ ಯಾರು ಬೇಕಾದರೂ ಕೇಳುವಂತಾಗಿವೆ. ಅನೇಕವು ಪಟ್ಟಿಯಲ್ಲಿ ಬರಿಯ ಅಂಕಿಯಾಗಿ ನಿಂತಿವೆ. ಹಾಡಿದ ದಾಖಲೆಯುಂಟು, ಹಾಡಿಲ್ಲ. ಸಂಸ್ಕೃತದಲ್ಲಿ ಹೆಸರು ಮಾತ್ರ ಉಳಿದು ಗ್ರಂಥ ಕಾಣೆಯಾದ ಕವಿಗಳಂತೆ ಅವು ಕಾಯುತ್ತಿವೆ. ಅರಗಿನ ತಟ್ಟೆಗೆ ಶತ್ರುಗಳು ಬಹಳ. ಕೈಜಾರಿದರೆ ಒಡೆಯುವುದು, ಬಿಸಿಲಿಗೆ ಬಾಗುವುದು, ಉಕ್ಕಿನ ಮುಳ್ಳಿಗೆ ಸವೆಯುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗು ಸಿಕ್ಕದೆ ಪಶ್ಚಿಮ ದೇಶಗಳಲ್ಲಿ ಹಳೆಯ ತಟ್ಟೆಗಳನ್ನು ಕೂಡಿಹಾಕಿ ಪುಡಿಮಾಡಿ ಹೊಸವನ್ನು ಒತ್ತಿದರು. ನಮ್ಮಲ್ಲಿ ಪುಡಿಮಾಡುವ ಶ್ರಮವನ್ನೂ ಪಡದೆ, ಮನೆಗಳನ್ನು ಕೆಡವಿ ಕಟ್ಟುವಾಗ ಗುಜರಿಯವನಿಗೆ ತೂಕಕ್ಕೆ ಹಾಕಿದ್ದಾರೆ.

ಹೊನ್ನವಳ್ಳಿಯು ಹಿಂದೆ ತಾಲ್ಲೂಕಿನ ಕೇಂದ್ರವಾಗಿದ್ದುದು. ರೈಲು ಹಾದುಹೋದ ತಿಪಟೂರಿಗೆ ಕಛೇರಿಗಳು ಹೋದವು, ಪೇಟೆಯೂ ಹೋಯಿತು. ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಹಳೆಯ ಮನೆಗಳು ಉಳಿದಿವೆ, ಅಟ್ಟಗಳು ಉಳಿದಿವೆ. ಆ ಅಟ್ಟಗಳಲ್ಲಿ ಗೌಹರಳೇ ಸಿಕ್ಕುವಳೆಂದಲ್ಲ, ಎ. ವಿ. ವರದಾಚಾರ್ಯರ ನಾಟಕದ ಹಾಡು ಸಿಕ್ಕಬಹುದು, ಜಿಲ್ಲೆಯದೇ ಆದ ಗುಬ್ಬಿ ಕಂಪೆನಿಯ ನಟನಟಿಯರ ದನಿ ಸಿಕ್ಕಬಹುದು. ಹಿಂದುಸ್ತಾನಿ ಗಾಯಕಿಗೆ ಆಸ್ಟ್ರೇಲಿಯದವನೊಬ್ಬನು ಮಾಡಿದುದನ್ನು ಕನ್ನಡದ ರಂಗಗಾಯಕರಿಗೆ ಕನ್ನಡಿಗರೇ ಮಾಡಬೇಕಾಗಿದೆ. ಅದಕ್ಕೆ ಬೇಕಾದ ಸಲಕರಣೆ ಹೆಚ್ಚಿಲ್ಲ. ಪ್ಲೇಟನ್ನು ಅಂಚಿನಲ್ಲಿ ಹಿಡಿದು ಒಣಬಟ್ಟೆಯಿಂದ ಧೂಳು ಒರಸುವುದು. ಬಿಲ್ಲೆಯ ಮೇಲಿನ ಬರಹವನ್ನು ತಪ್ಪಿದ್ದರೆ ತಪ್ಪಿದ್ದಂತೆಯೇ ನಕಲು ಮಾಡುವುದು. ಬೆಳಕಿಗೆ ಓರೆಯಾಗಿ ಹಿಡಿದು ಮಾತೃಕೆಯ ಅಂಕಿಯನ್ನು, ಅದರ ಮಗ್ಗುಲಿನ ಅಕ್ಷರ ಸಹಿತವಾಗಿ, ಬರೆದುಕೊಳ್ಳುವುದು. ಇಷ್ಟನ್ನೂ ಮುಳ್ಳನ್ನು ಇಳಿಸುವ ಮುಂಚೆಯೇ ಮಾಡತಕ್ಕದ್ದು. ಎರಡು ಹೋಳಾದ ಪ್ಲೇಟಿನಲ್ಲಿಯೂ ನಡುವಣ ಭಾಗ ಉಳಿದಿದ್ದರೆ ಅಂಕಿ ಇದ್ದೇ ಇರುತ್ತದೆ. ಅದನ್ನು ಗುರುತು ಹಾಕಿಕೊಂಡ ಹೊರತು ಹೋಳನ್ನು ಹೊರಕ್ಕೆ ಎಸೆಯಬಾರದು.